ಹಳೆಯ ತುಣುಕುಗಳು, ಹೊಸ ಜೋಡಣೆ: ಪೇಟೆಂಟ್ ಪರೀಕ್ಷೆಯಲ್ಲಿ ಒಂದು ಅಲ್ಟ್ರಾಸೌಂಡ್ ಸಾಧನ

‘ಪೇಟೆಂಟ್’ ಎಂಬ ಪದ ನಮ್ಮ ಮನೆಮನೆಗೂ ಬಂದದ್ದು ಅರಿಶಿನದ ಮೂಲಕ. ಗಾಯ ಮಾಯಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ನಮ್ಮ ದೇಶದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು, ಹಳೆಯ ಗ್ರಂಥಗಳ ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ನಮ್ಮ ಅಜ್ಜಿಗೆ ಗೊತ್ತಿದ್ದದ್ದು ಹೊಸದು ಹೇಗಾದೀತು ಎಂದು ಆಗ ಎಲ್ಲರೂ ಕೇಳಿದರು. ಅರಿಶಿನದ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು.

ಆದರೆ ಯಂತ್ರಗಳ ವಿಷಯ ಬಂದಾಗ ಉತ್ತರ ಅಷ್ಟು ಸುಲಭವಲ್ಲ. ಯಂತ್ರವೊಂದರಲ್ಲಿ ಇರುವ ಪ್ರತಿಯೊಂದು ಭಾಗವೂ ಹಳೆಯದೇ ಆಗಿರಬಹುದು. ಜೋಡಣೆ ಮಾತ್ರ ಹೊಸದು. ಹಾಗಾದರೆ ಆ ಜೋಡಣೆ ಆವಿಷ್ಕಾರವೇ, ಇಲ್ಲ ಬರೀ ಕೈಚಳಕವೇ? ಇದನ್ನು ತೀರ್ಮಾನಿಸುವವರು ಯಾರು, ಹೇಗೆ? ಈ ಪ್ರಶ್ನೆಯನ್ನು ಒಂದು ಉದಾಹರಣೆಯ ಮೂಲಕ ನೋಡೋಣ. ನಮ್ಮ ಉದಾಹರಣೆ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯದು. ವೈದ್ಯರು ಹೊಟ್ಟೆಯ ಮೇಲೆ ಜೆಲ್ ಸವರಿ, ಅಂಗೈಯಲ್ಲಿ ಹಿಡಿಯುವಂಥ ಸಾಧನವೊಂದನ್ನು ಆಡಿಸುತ್ತಾರಲ್ಲ, ಅದರ ತುದಿಯಲ್ಲಿ ಅಡಗಿರುವ ‘ಟ್ರಾನ್ಸ್‌ಡ್ಯೂಸರ್ ಅರೇ’ಯೇ ಈ ಲೇಖನದ ನಾಯಕ.

ಹರಳು ಮಾತನಾಡುವ ಬಗೆ

ನಮ್ಮ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ, ಅಂದರೆ ಅಲ್ಟ್ರಾಸೌಂಡ್. ಇದನ್ನು ಹುಟ್ಟಿಸುವ ಗುಟ್ಟನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಹಿಗ್ಗಿ ಕುಗ್ಗಿ ಕಂಪಿಸುತ್ತದೆ. ಇದಕ್ಕೆ ಪೀಜೋ ವಿದ್ಯುತ್ ಗುಣ ಎಂದು ಹೆಸರು. ಹೀಗೆ ಒಂದೇ ಹರಳು ಧ್ವನಿ ಕಳಿಸುವ ಬಾಯಿಯೂ ಹೌದು, ಹಿಂದಿರುಗಿದ ಪ್ರತಿಧ್ವನಿಯನ್ನು ಕೇಳುವ ಕಿವಿಯೂ ಹೌದು.

ಮೊದಲ ಮಹಾಯುದ್ಧದಲ್ಲಿ ನೀರೊಳಗೆ ಅಡಗಿದ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಕಷ್ಟ ಎದುರಾಯಿತು. ಪಾಲ್ ಲಾಂಜೆವಾನ್ ಮತ್ತು ಕಾನ್‌ಸ್ಟಾಂಟಿನ್ ಶಿಲೋವ್‌ಸ್ಕಿ 1916ರಲ್ಲಿ ಫ್ರಾನ್ಸಿನಲ್ಲಿ ಇದಕ್ಕಾಗಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಮುಂದೆ ಲಾಂಜೆವಾನ್ ಕ್ವಾರ್ಟ್ಸ್ ಹರಳಿನತ್ತ ತಿರುಗಿ 1918ರಲ್ಲಿ ಇನ್ನೊಂದು ಅರ್ಜಿ ಹಾಕಿದರು. ದೊಡ್ಡ ಕ್ವಾರ್ಟ್ಸ್ ಹರಳು ಸಿಗುವುದು ಕಷ್ಟ. ಆದ್ದರಿಂದ ಅವರು ಚಿಕ್ಕ ಚಿಕ್ಕ ತೆಳು ತುಂಡುಗಳನ್ನು ನೆಲಕ್ಕೆ ಹಾಸುವ ಮೊಸಾಯಿಕ್ ಹಾಗೆ ಒತ್ತೊತ್ತಾಗಿ ಜೋಡಿಸಿ, ಎರಡು ಉಕ್ಕಿನ ತಟ್ಟೆಗಳ ನಡುವೆ ಅಂಟಿಸಿದರು. ಹಲವು ತುಂಡುಗಳು ಸೇರಿ ಒಂದೇ ದೊಡ್ಡ ಹರಳಿನಂತೆ ಕಂಪಿಸಿದವು.

ಇಂದಿನ ಅರೇ ಇದಕ್ಕೆ ತಿರುಗಾಮುರುಗಾ. ಇಲ್ಲಿ ತೆಳುವಾದ ಪಿಂಗಾಣಿಯಂಥ ಒಂದು ಸೆರಾಮಿಕ್ ಬಿಲ್ಲೆಯನ್ನು ಮೊದಲು ತಳದ ಪದರಕ್ಕೆ ಅಂಟಿಸುತ್ತಾರೆ. ವಜ್ರದ ಹುಡಿ ಕೂರಿಸಿದ ಗರಗಸದ ಚಕ್ರದಿಂದ ಅದನ್ನು ಕೂದಲೆಳೆಯಂಥ ತುಣುಕುಗಳಾಗಿ ಸೀಳುತ್ತಾರೆ. ಪ್ರತಿ ತುಣುಕಿಗೂ ಬೇರೆ ತಂತಿ. ಒಂದಾಗಿದ್ದುದನ್ನು ಹಲವಾಗಿ ಒಡೆಯುವುದೇಕೆ?

ಕೆರೆಯ ಏರಿಯ ಮೇಲೆ ಹತ್ತು ಹುಡುಗರು ಸಾಲಾಗಿ ನಿಂತಿದ್ದಾರೆಂದು ಭಾವಿಸಿ. ಎಲ್ಲರೂ ಒಂದೇ ಕ್ಷಣದಲ್ಲಿ ನೀರಿಗೆ ಕಲ್ಲು ಬಿಟ್ಟರೆ ಉಂಗುರದಲೆಗಳು ಒಂದಕ್ಕೊಂದು ಸೇರಿ, ಏರಿಗೆ ನೇರವಾಗಿ ಒಂದು ದೊಡ್ಡ ಅಲೆ ಮುಂದೆ ಸಾಗುತ್ತದೆ. ಎಡಗಡೆಯವನಿಂದ ಆರಂಭಿಸಿ ಒಬ್ಬರಾದ ಮೇಲೆ ಒಬ್ಬರು ಚೂರು ಚೂರು ತಡವಾಗಿ ಕಲ್ಲು ಬಿಟ್ಟರೆ ಆ ದೊಡ್ಡ ಅಲೆ ಬಲಕ್ಕೆ ವಾಲಿಕೊಂಡು ಹೊರಡುತ್ತದೆ. ಹುಡುಗರು ನಿಂತಲ್ಲಿಂದ ಅಲುಗಲಿಲ್ಲ. ಅಲೆ ಮಾತ್ರ ತಿರುಗಿತು. ಅರೇ ಮಾಡುವುದೂ ಇಷ್ಟೇ. ತುಣುಕುಗಳಿಗೆ ವಿದ್ಯುತ್ ಕೊಡುವ ಸಮಯದಲ್ಲಿ ಅತಿ ಸಣ್ಣ ವ್ಯತ್ಯಾಸ ಮಾಡಿ ಧ್ವನಿಯ ಕಿರಣವನ್ನು ಬೇಕಾದ ದಿಕ್ಕಿಗೆ ತಿರುಗಿಸುತ್ತದೆ. ನೆದರ್ಲೆಂಡ್ಸ್‌ನ ಯಾನ್ ಸೋಮರ್ 1968ರಲ್ಲಿ ಈ ವಿದ್ಯೆಯನ್ನು ರೋಗಪತ್ತೆಗೆ ಬಳಸಿ ತೋರಿಸಿದರು. 1971ರ ಹೊತ್ತಿಗೆ ಅದೇ ದೇಶದ ರಾಟರ್‌ಡ್ಯಾಮಿನಲ್ಲಿ ನಿಕೋಲಾಸ್ ಬೊಮ್ 20 ತುಣುಕುಗಳ ಸಾಲೊಂದರಿಂದ ಮಿಡಿಯುವ ಹೃದಯದ ಚಿತ್ರವನ್ನು ಮಿಡಿಯುತ್ತಿರುವಾಗಲೇ ಪರದೆಗೆ ತಂದರು.

ಈಗ ಸ್ವಲ್ಪ ಲೆಕ್ಕ. ನಮ್ಮ ದೇಹದ ಮೃದು ಭಾಗಗಳಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ಸೆಕೆಂಡಿಗೆ 35 ಲಕ್ಷ ಕಂಪನಗಳ ಧ್ವನಿಯಾದರೆ ಅದರ ತರಂಗದೂರ, ಅಂದರೆ ಒಂದು ಅಲೆಯ ತಲೆಯಿಂದ ಮುಂದಿನ ಅಲೆಯ ತಲೆಗಿರುವ ದೂರ, 0.44 ಮಿಲಿಮೀಟರ್. ಕಿರಣವನ್ನು ಅಗಲವಾಗಿ ತಿರುಗಿಸಬೇಕಾದರೆ ಒಂದು ತುಣುಕಿನ ನಡುವಿನಿಂದ ಮುಂದಿನ ತುಣುಕಿನ ನಡುವಿಗೆ ಇದರ ಅರ್ಧದಷ್ಟು, ಅಂದರೆ 0.22 ಮಿಲಿಮೀಟರಿಗಿಂತ ಹೆಚ್ಚು ದೂರ ಇರಬಾರದು. ಕಿರಣ 30 ಡಿಗ್ರಿ ತಿರುಗಲು ಅಕ್ಕಪಕ್ಕದ ತುಣುಕುಗಳ ನಡುವೆ ಬೇಕಾದ ಕಾಲದ ಅಂತರ ಸೆಕೆಂಡಿನ ಸುಮಾರು 1.4 ಕೋಟಿಯಲ್ಲಿ ಒಂದು ಪಾಲು!

ತುಣುಕುಗಳನ್ನು ದೂರ ದೂರ ಇಟ್ಟರೆ ಏನಾಗುತ್ತದೆ? ಅಂತರ ಒಂದು ಪೂರ್ತಿ ತರಂಗದೂರವಾಗಿದ್ದರೆ, ನೀವು ಕಿರಣವನ್ನು ಬಲಕ್ಕೆ 30 ಡಿಗ್ರಿ ಕಳಿಸಿದಾಗ ಎಡಕ್ಕೂ 30 ಡಿಗ್ರಿಯಲ್ಲಿ ಬೇಡದ ಇನ್ನೊಂದು ಕಿರಣ ಹೊರಡುತ್ತದೆ. ಎಡಗಡೆಯಿಂದ ಬಂದ ಪ್ರತಿಧ್ವನಿಯನ್ನೂ ಯಂತ್ರ ಬಲಗಡೆಯದೆಂದೇ ಬರೆಯುತ್ತದೆ. ಇಲ್ಲದ ಗಡ್ಡೆ ಇದ್ದಂತೆ ಕಂಡರೆ ರೋಗಿಯ ಪಾಡೇನು? ಹತ್ತಿರ ಹತ್ತಿರ ಇಟ್ಟರೆ ತುಣುಕುಗಳು ಹೆಚ್ಚು, ತಂತಿಗಳು ಹೆಚ್ಚು, ಬೆಲೆಯೂ ಹೆಚ್ಚು. ಈ ಇಕ್ಕಟ್ಟಿನಲ್ಲೇ ಅರೇಗಳ ಆವಿಷ್ಕಾರಗಳು ಹುಟ್ಟುವುದು.

ಒಂದು ಅರ್ಜಿಯನ್ನು ಕಲ್ಪಿಸಿಕೊಳ್ಳಿ

ಎಂಜಿನಿಯರಿಂಗ್ ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ಒಂದು ಉಪಾಯ ಹುಡುಕಿದ್ದಾರೆಂದು ಇಟ್ಟುಕೊಳ್ಳೋಣ. ತುಣುಕುಗಳನ್ನು ಸಮ ಅಂತರದಲ್ಲಿ ಇಡುವ ಬದಲು, ಒಂದು ಕಡೆ ಹತ್ತಿರ, ಒಂದು ಕಡೆ ದೂರ ಹೀಗೆ ಅಸಮ ಅಂತರದಲ್ಲಿ ಇಡುವುದು ಅವರ ಯೋಚನೆ. ಅಂತರ ಒಂದೇ ಸಮ ಇಲ್ಲದಿದ್ದರೆ ಬೇಡದ ಕಿರಣ ಒಂದೇ ಕಡೆ ಕೂಡಿಕೊಳ್ಳದೆ ಚದರಿಹೋಗುತ್ತದೆ. ಆಗ ಅರ್ಧದಷ್ಟು ತುಣುಕುಗಳಲ್ಲೇ ಕೆಲಸ ನಡೆದು ಅಗ್ಗದ ಸ್ಕ್ಯಾನರ್ ಸಾಧ್ಯವಾದೀತು. ಹಳ್ಳಿಯ ಆಸ್ಪತ್ರೆಗೆ ಇದು ವರವೇ ಸರಿ. ಅವರು ಪೇಟೆಂಟಿಗೆ ಅರ್ಜಿ ಹಾಕುತ್ತಾರೆ. ಕರ್ನಾಟಕದವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಉಳಿದ ಮೂರು ಕಚೇರಿಗಳು ಕೋಲ್ಕತಾ, ದೆಹಲಿ ಮತ್ತು ಮುಂಬಯಿಯಲ್ಲಿವೆ.

ಅರ್ಜಿಯಲ್ಲಿ ಎರಡು ಮುಖ್ಯ ಭಾಗಗಳು. ಒಂದು ವಿವರಣೆ. ಈ ಕಸುಬು ಬಲ್ಲವರು ಓದಿ ತಾವೇ ಅದನ್ನು ತಯಾರಿಸಬಲ್ಲಷ್ಟು ಪೂರ್ಣವಾಗಿ, ತಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನು ಮುಚ್ಚಿಡದೆ ಬರೆಯಬೇಕು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿಯೇ ಸರ್ಕಾರ 20 ವರ್ಷಗಳ ಹಕ್ಕು ಕೊಡುವುದು. ಎರಡನೆಯದು ‘ಕ್ಲೇಮು’ಗಳು, ಅಂದರೆ ಹಕ್ಕಿನ ವಾಕ್ಯಗಳು. ಜಮೀನಿನ ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತೀರಲ್ಲ, ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ ಎಂದು, ಕ್ಲೇಮು ಅದೇ ಬಗೆಯದು. ಜಮೀನಿನಲ್ಲಿ ಎಂಥ ಬೆಳೆ ಬರುತ್ತದೆ ಎಂಬ ವರ್ಣನೆ ಎಷ್ಟೇ ಚೆನ್ನಾಗಿದ್ದರೂ ವ್ಯಾಜ್ಯ ಬಂದಾಗ ನ್ಯಾಯಾಲಯ ನೋಡುವುದು ಚಕ್ಕುಬಂದಿಯನ್ನು.

ನಮ್ಮ ವಿದ್ಯಾರ್ಥಿನಿಯರ ಮೊದಲ ಕ್ಲೇಮು ಹೀಗಿದೆ ಎನ್ನಿ: ‘ಒಂದು ತಳದ ಮೇಲೆ ಸಾಲಾಗಿ ಜೋಡಿಸಿದ ಹಲವು ಪೀಜೋ ತುಣುಕುಗಳು, ಪ್ರತಿ ತುಣುಕಿಗೂ ಪ್ರತ್ಯೇಕ ವಿದ್ಯುತ್ ಸಂಪರ್ಕ, ತುಣುಕುಗಳ ನಡುವಿನ ಅಂತರಗಳು ಸಮವಲ್ಲದವು.’ ನೋಡಲು ಚಿಕ್ಕ ವಾಕ್ಯ. ಆದರೆ ಈ ಚಕ್ಕುಬಂದಿಯೊಳಗೆ ಎಷ್ಟು ದೊಡ್ಡ ಬಯಲು ಸೇರಿಕೊಂಡಿದೆ ನೋಡಿ! ಯಾವ ಅಳತೆಯ ಅಸಮ ಅಂತರವಾದರೂ ಅವರದೇ ಆಗಿಬಿಡುತ್ತದೆ. ಇನ್ನು ಪರೀಕ್ಷಕರ ಕೆಲಸ ಆರಂಭ.

ಪರೀಕ್ಷಕರ ಮೇಜಿನ ಮೇಲೆ

ಪರೀಕ್ಷಕರು ಈ ಸಾಧನವನ್ನು ಕೈಯಲ್ಲಿ ಹಿಡಿದು ನೋಡುವುದಿಲ್ಲ. ಅದು ಚೆನ್ನಾಗಿ ಮಾರಾಟವಾದೀತೇ, ಬಡವರಿಗೆ ಅನುಕೂಲವೇ ಎಂದೂ ಕೇಳುವುದಿಲ್ಲ. ಅವರ ಮುಂದಿರುವುದು ಕಾಗದ ಮತ್ತು ಪ್ರಶ್ನೆಗಳು. ಇದು ಹೊಸದೇ? ಈ ಕಸುಬು ಬಲ್ಲವರಿಗೆ ಸುಲಭಕ್ಕೆ ಹೊಳೆಯದಂಥದೇ? ಕೈಗಾರಿಕೆಯಲ್ಲಿ ಉಪಯೋಗಕ್ಕೆ ಬರುವಂಥದೇ? 1970ರ ಪೇಟೆಂಟ್ ಕಾಯಿದೆ ಆವಿಷ್ಕಾರವೆಂದರೆ ಏನೆಂದು ಹೇಳುವಾಗ ಇಡುವ ಮೂರು ಕಲ್ಲುಗಳು ಇವು. ಇವಲ್ಲದೆ ಕಾನೂನೇ ‘ಇದು ಆವಿಷ್ಕಾರವಲ್ಲ’ ಎಂದು ಪಟ್ಟಿಮಾಡಿರುವ ಸಂಗತಿಗಳಲ್ಲಿ ಇದು ಸೇರಿದೆಯೇ ಎಂದೂ ನೋಡಬೇಕು.

ಮೊದಲ ಪ್ರಶ್ನೆಗೆ ಹುಡುಕಾಟ ಬೇಕು. ಜಗತ್ತಿನ ಪೇಟೆಂಟ್ ದಾಖಲೆಗಳೆಲ್ಲ ಗ್ರಂಥಾಲಯದ ಪುಸ್ತಕಗಳಂತೆ ಅಂತರರಾಷ್ಟ್ರೀಯ ವರ್ಗೀಕರಣದ ಪ್ರಕಾರ ವಿಂಗಡಣೆಯಾಗಿವೆ. ಅಲ್ಟ್ರಾಸೌಂಡಿನಿಂದ ರೋಗಪತ್ತೆ ‘ಎ61ಬಿ 8’ ಎಂಬ ಕಪಾಟಿನಲ್ಲಿದೆ. ಪೀಜೋ ಗುಣದಿಂದ ಕಂಪನ ಹುಟ್ಟಿಸುವ ಸಾಧನಗಳು ‘ಬಿ06ಬಿ 1/06’ರಲ್ಲಿ, ಅರೇಯಿಂದ ಧ್ವನಿಯ ಕಿರಣ ತಿರುಗಿಸುವುದು ‘ಜಿ10ಕೆ 11/34’ರಲ್ಲಿ, ಲೋಹದೊಳಗಿನ ಬಿರುಕು ಹುಡುಕುವುದು ‘ಜಿ01ಎನ್ 29’ರಲ್ಲಿ, ಸಮುದ್ರದ ಸೋನಾರ್ ‘ಜಿ01ಎಸ್ 15’ರಲ್ಲಿ. ಅರೇಯ ಅರ್ಜಿ ಬಂದರೆ ಇಷ್ಟೂ ಕಪಾಟುಗಳನ್ನು ತಡಕಬೇಕಾಗುತ್ತದೆ. ಏಕೆಂದರೆ ಆಸ್ಪತ್ರೆಗೆ ಹೊಸದೆಂದು ಕಂಡದ್ದು ಹಡಗಿನಲ್ಲಿ ಹಳೆಯದಾಗಿರಬಹುದು.

ಹಳೆಯ ದಾಖಲೆಗಳಿಗೆ ವಯಸ್ಸಿನ ಮಿತಿ ಇಲ್ಲ ಎಂಬುದನ್ನು ಗಮನಿಸಿ. ಲಾಂಜೆವಾನರ ಪೇಟೆಂಟ್ ಹಕ್ಕು ಯಾವತ್ತೋ ಮುಗಿದುಹೋಯಿತು. ಆದರೆ ತುಣುಕುಗಳನ್ನು ಮೊಸಾಯಿಕ್ ಹಾಗೆ ಹಾಸುವುದೇ ತನ್ನ ಆವಿಷ್ಕಾರ ಎಂದು ಇಂದು ಯಾರಾದರೂ ಬಂದರೆ ಆ ನೂರು ವರ್ಷದ ಕಾಗದವನ್ನು ಎತ್ತಿ ತೋರಿಸಬಹುದು. ಪೇಟೆಂಟಿನ ಹಕ್ಕಿಗೆ ಕೊನೆಯಿದೆ, ಅದು ಜಗತ್ತಿಗೆ ಹೇಳಿದ ಮಾತಿಗೆ ಕೊನೆಯಿಲ್ಲ.

ನಮ್ಮ ಅರ್ಜಿಗೆ ಪರೀಕ್ಷಕರು ಎರಡು ದಾಖಲೆ ಹುಡುಕಿ ತೆಗೆಯುತ್ತಾರೆ ಎನ್ನೋಣ. ಮೊದಲನೆಯದು ಸಮ ಅಂತರದ ಸಾಮಾನ್ಯ ಅಲ್ಟ್ರಾಸೌಂಡ್ ಅರೇ. ಎರಡನೆಯದು ರೇಡಿಯೋ ಆಂಟೆನಾಗಳನ್ನು ಅಸಮ ಅಂತರದಲ್ಲಿ ಸಾಲಾಗಿ ನಿಲ್ಲಿಸುವುದರ ಬಗ್ಗೆ. ಇದು ಕಲ್ಪನೆಯ ಮಾತಲ್ಲ. ಅಂಥ ಆಂಟೆನಾ ಸಾಲುಗಳ ಬಗ್ಗೆ ವಿದ್ವಾಂಸರು 1960ರ ದಶಕದಲ್ಲೇ ಬರೆದಿದ್ದಾರೆ. ಕ್ಲೇಮಿನ ಎಲ್ಲ ಅಂಶಗಳೂ ಒಂದೇ ದಾಖಲೆಯಲ್ಲಿ ಇಲ್ಲವಾದ್ದರಿಂದ ‘ಹೊಸದೇ?’ ಎಂಬ ಪ್ರಶ್ನೆಯನ್ನು ಅರ್ಜಿ ದಾಟಿತು. ಆದರೆ ಎರಡನೆಯ ಪ್ರಶ್ನೆ ಅಲ್ಲೇ ಕಾದು ನಿಂತಿದೆ. ಅಲೆ ಯಾವುದಾದರೇನು, ಕೂಡಿ ಕಳೆಯುವ ಗಣಿತ ಒಂದೇ. ಮೊದಲನೆಯದನ್ನೂ ಎರಡನೆಯದನ್ನೂ ಕೈಯಲ್ಲಿ ಹಿಡಿದ ಎಂಜಿನಿಯರಿಗೆ ಇದು ತಾನಾಗಿಯೇ ಹೊಳೆಯುವುದಿಲ್ಲವೇ? ಪರೀಕ್ಷಕರು ತಮ್ಮ ಮೊದಲ ವರದಿಯಲ್ಲಿ ಇದನ್ನೇ ಬರೆಯುತ್ತಾರೆ.

ಇಲ್ಲಿ ಪರೀಕ್ಷಕರೂ ಎಚ್ಚರದಿಂದಿರಬೇಕು. ಒಗಟು ಬಿಡಿಸಿದ ಮೇಲೆ ಅದು ಎಲ್ಲರಿಗೂ ಸುಲಭವೇ. ಉತ್ತರವನ್ನು ಮುಂದಿಟ್ಟುಕೊಂಡು ಹಿಂದಕ್ಕೆ ನಡೆದರೆ ಯಾವ ಆವಿಷ್ಕಾರವೂ ಆವಿಷ್ಕಾರವಾಗಿ ಉಳಿಯುವುದಿಲ್ಲ. ಅರ್ಜಿ ಹಾಕಿದ ದಿನಕ್ಕಿಂತ ಮುಂಚೆ, ಈ ಅರ್ಜಿಯನ್ನು ಓದಿರದ ಕಸುಬುದಾರನೊಬ್ಬ ಅದೇ ದಾರಿ ಹಿಡಿಯುತ್ತಿದ್ದನೇ, ಹಿಡಿಯಲು ಅವನಿಗೆ ಕಾರಣವಿತ್ತೇ ಎಂದು ಕೇಳಬೇಕು.

ಜೋಡಣೆ ಯಾವಾಗ ಆವಿಷ್ಕಾರ?

ಅರೇಗೆ ಇನ್ನೊಂದು ಗಂಡಾಂತರವೂ ಇದೆ. ಕಾಯಿದೆಯ 3ನೇ ವಿಭಾಗದ ‘ಎಫ್’ ಕಲಮು ಒಂದು ಮಾತು ಹೇಳುತ್ತದೆ. ಗೊತ್ತಿರುವ ಸಾಧನಗಳನ್ನು ಬರೀ ಜೋಡಿಸುವುದು, ಮರುಜೋಡಿಸುವುದು, ಒಂದನ್ನೇ ಹಲವಾಗಿ ಇಡುವುದು ಆವಿಷ್ಕಾರವಲ್ಲ ಎಂಬುದು ಅದರ ಸಾರ. ಅರೇ ಎಂದರೆ ಒಂದೇ ಬಗೆಯ ತುಣುಕನ್ನು ಹಲವಾಗಿ ಇಡುವುದೇ ತಾನೇ? ಹಾಗಾದರೆ ಯಾವ ಅರೇಗೂ ಪೇಟೆಂಟ್ ಸಿಗಬಾರದಲ್ಲ!

ಉತ್ತರ ಅದೇ ಕಲಮಿನ ಉಳಿದ ಭಾಗದಲ್ಲಿದೆ. ಆ ಸಾಧನಗಳು ‘ಒಂದರಿಂದ ಒಂದು ಸ್ವತಂತ್ರವಾಗಿ, ಗೊತ್ತಿರುವ ರೀತಿಯಲ್ಲೇ’ ಕೆಲಸಮಾಡುತ್ತಿದ್ದರೆ ಮಾತ್ರ ಈ ನಿಷೇಧ. ಒಂದು ಕೋಣೆಯಲ್ಲಿ ಹತ್ತು ದೀಪ ಹಚ್ಚಿದರೆ ಹತ್ತು ದೀಪದ ಬೆಳಕು. ಪ್ರತಿ ದೀಪವೂ ತನ್ನ ಪಾಡಿಗೆ ತಾನು ಉರಿಯುತ್ತದೆ. ಆದರೆ ಅರೇಯ ಒಂದು ತುಣುಕು ಒಂಟಿಯಾಗಿ ಧ್ವನಿಯನ್ನು ಯಾವ ದಿಕ್ಕಿಗೂ ತಿರುಗಿಸಲಾರದು. 64 ತುಣುಕುಗಳು ಒಂದಕ್ಕೊಂದು ಕಾದು, ಲೆಕ್ಕಹಾಕಿದಂತೆ ಕಂಪಿಸಿದಾಗ ಯಾರೊಬ್ಬರಲ್ಲೂ ಇಲ್ಲದ ಗುಣ ಗುಂಪಿನಲ್ಲಿ ಹುಟ್ಟುತ್ತದೆ. ಅರ್ಜಿದಾರರು ತೋರಿಸಿಕೊಡಬೇಕಾದದ್ದು ಈ ಪರಸ್ಪರ ಕೆಲಸವನ್ನು. ತುಣುಕುಗಳ ಸಂಖ್ಯೆಯನ್ನೋ ಅವುಗಳ ಅಂದವನ್ನೋ ಅಲ್ಲ.

ಈ ಗೆರೆಯನ್ನು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಒಂದು ಸ್ವಾರಸ್ಯದ ಮೊಕದ್ದಮೆಯಲ್ಲಿ ಎಳೆಯಿತು. ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರೊಬ್ಬರು ಲೇತ್ ಯಂತ್ರದ ಮೇಲೆ ಪಾತ್ರೆಯನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದಿದ್ದರು. ಪ್ರತಿಸ್ಪರ್ಧಿಗಳ ಮೇಲೆ ದಾವೆ ಹೂಡಿದಾಗ ಪೇಟೆಂಟೇ ಪ್ರಶ್ನೆಗೊಳಗಾಯಿತು. ಅದು ಹಳೆಯ ವಿಧಾನಕ್ಕೆ ಕಾರ್ಖಾನೆಯ ಕೆಲಸಗಾರನೇ ಮಾಡಿಕೊಳ್ಳಬಹುದಾದ ಸಣ್ಣ ತಿದ್ದುಪಡಿ, ಆವಿಷ್ಕಾರದ ಹೆಜ್ಜೆ ಅದರಲ್ಲಿಲ್ಲ ಎಂದು ಕೋರ್ಟ್ ತೀರ್ಮಾನಿಸಿತು. ಆದರೆ ಅದೇ ತೀರ್ಪು ಇನ್ನೊಂದು ಬಾಗಿಲನ್ನು ತೆರೆದಿಟ್ಟಿತು. ಅಂಶಗಳೆಲ್ಲ ಹಳೆಯವಾದರೂ ಅವು ಪರಸ್ಪರ ಸಂಬಂಧದಿಂದ ಕೆಲಸಮಾಡಿ ಹೊಸ ಅಥವಾ ಉತ್ತಮ ಫಲ ಕೊಟ್ಟರೆ ಆ ಜೋಡಣೆ ಪೇಟೆಂಟಿಗೆ ಅರ್ಹವಾಗಬಹುದು ಎಂದಿತು. ಪಾತ್ರೆಯ ಲೇತಿಗೆ ಹೇಳಿದ ಈ ನ್ಯಾಯ ಅಲ್ಟ್ರಾಸೌಂಡ್ ಅರೇಗೂ ಅಷ್ಟೇ ಸಲ್ಲುತ್ತದೆ.

ಇದೇ ವಿಭಾಗದ ಇನ್ನೆರಡು ಕಲಮುಗಳನ್ನೂ ನೆನಪಿಡಿ. ರೋಗಪತ್ತೆಯ ಮತ್ತು ಚಿಕಿತ್ಸೆಯ ವಿಧಾನಗಳಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. ಉಪಕರಣಕ್ಕೆ ಕೇಳಬಹುದು, ವೈದ್ಯರು ಅದನ್ನು ಬಳಸಿ ರೋಗ ಗುರುತಿಸುವ ಕ್ರಮಕ್ಕೆ ಕೇಳುವಂತಿಲ್ಲ. ಹಾಗೆಯೇ ಗಣಿತದ ವಿಧಾನ, ಬರೀ ಕಂಪ್ಯೂಟರ್ ಪ್ರೋಗ್ರಾಂ, ಅಲ್ಗಾರಿದಂ ಇವೂ ಹೊರಗೆ. ಕಾಲದ ಅಂತರ ಲೆಕ್ಕಹಾಕುವ ಸೂತ್ರವನ್ನಷ್ಟೇ ಬರೆದು ಕಳಿಸಿದರೆ ಅರ್ಜಿ ಬಾಗಿಲಲ್ಲೇ ನಿಲ್ಲುತ್ತದೆ. ಇನ್ನು ಸಾಧನದ ಹೊರ ಆಕಾರ ಕಣ್ಣಿಗೆ ಚೆಂದವಾಗಿದೆ ಎಂಬುದು ಪೇಟೆಂಟಿನ ವಿಷಯವೇ ಅಲ್ಲ. ಅದಕ್ಕೆ 2000ದ ವಿನ್ಯಾಸ ಕಾಯಿದೆಯಡಿ ಬೇರೆ ನೋಂದಣಿ ಇದೆ.

ಉತ್ತರಿಸುವ ಕಲೆ

ಪರೀಕ್ಷಕರ ವರದಿ ಬಂದಾಕ್ಷಣ ಅರ್ಜಿ ಸೋತಿತೆಂದು ಅನೇಕರು ಕೈಚೆಲ್ಲುತ್ತಾರೆ. ಹಾಗೆ ತಿಳಿಯಬೇಕಾಗಿಲ್ಲ. ಆಕ್ಷೇಪಣೆ ಇಲ್ಲದ ಮೊದಲ ವರದಿ ಅಪರೂಪ. ಉತ್ತರಿಸಲು ಆರು ತಿಂಗಳು ಕಾಲಾವಕಾಶವಿದೆ, ಕೋರಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಅಂತಿಮ ತೀರ್ಮಾನ ಪರೀಕ್ಷಕರದಲ್ಲ, ಕಂಟ್ರೋಲರ್ ಅವರದು. ಅರ್ಜಿಯನ್ನು ತಿರಸ್ಕರಿಸುವ ಮುನ್ನ ಅರ್ಜಿದಾರರ ಮಾತು ಕೇಳಬೇಕೆಂಬ ನಿಯಮವೂ ಇದೆ.

ನಮ್ಮ ವಿದ್ಯಾರ್ಥಿನಿಯರು ಏನೆಂದು ಉತ್ತರಿಸಬಹುದು? ಆಂಟೆನಾದ ಲೆಕ್ಕವನ್ನು ಹಾಗೇ ಎತ್ತಿ ಇಲ್ಲಿಗೆ ಇಡಲಾಗದು ಎಂದು ತೋರಿಸಬಹುದು. ಆ ಆಂಟೆನಾ ಲೆಕ್ಕ ಒಂದೇ ಆವೃತ್ತಿಯ, ಎಡೆಬಿಡದೆ ಹರಿಯುವ ಅಲೆಗೆ ಮಾಡಿದ್ದು; ಸ್ಕ್ಯಾನರಿನಲ್ಲಿ ಕಳಿಸುವುದು ಎರಡು ಮೂರು ಕಂಪನಗಳ ಕಿರು ಮಿಡಿತ. ಅಲ್ಲದೆ ಒಂದೇ ತಳಕ್ಕೆ ಅಂಟಿಕೊಂಡ ತುಣುಕುಗಳಲ್ಲಿ ಒಂದು ನಡುಗಿದರೆ ಪಕ್ಕದ್ದೂ ನಡುಗುತ್ತದೆ. ಅಂತರ ಅಸಮವಾದಾಗ ಈ ನಡುಕವೂ ಅಸಮವಾಗಿ ಚಿತ್ರ ಕೆಡುತ್ತದೆ. ಇದನ್ನು ತಡೆಯಲು ಅವರು ಪ್ರತಿ ಸೀಳಿನ ಅಗಲಕ್ಕೆ ತಕ್ಕಂತೆ ಬೇರೆ ಬೇರೆ ಗುಣದ ಅಂಟನ್ನು ತುಂಬಿದ್ದರೆ, ಅದರಿಂದ ಚಿತ್ರ ಸುಧಾರಿಸಿದ್ದನ್ನು ಅಳತೆಮಾಡಿ ತೋರಿಸಿದರೆ, ಅಲ್ಲಿ ಆವಿಷ್ಕಾರದ ಹೆಜ್ಜೆ ಕಾಣಿಸುತ್ತದೆ. ಆಗ ಕ್ಲೇಮನ್ನು ‘ಅಸಮ ಅಂತರ’ ಎಂಬ ದೊಡ್ಡ ಬಯಲಿನಿಂದ ‘ಅಸಮ ಅಂತರ ಮತ್ತು ಅದಕ್ಕೆ ತಕ್ಕ ತುಂಬುವಿಕೆ’ ಎಂಬ ಚಿಕ್ಕ ಗದ್ದೆಗೆ ಇಳಿಸಿಕೊಳ್ಳಬೇಕು. ಬಯಲು ಹೋಯಿತೆಂದು ಮರುಗಬೇಕಾಗಿಲ್ಲ. ಗಟ್ಟಿ ಬೇಲಿಯ ಗದ್ದೆ, ಬೇಲಿಯಿಲ್ಲದ ಬಯಲಿಗಿಂತ ಮೇಲು. ಅಗಲವಾದ ಕ್ಲೇಮು ಹೇಗೋ ಮಂಜೂರಾದರೂ ಮುಂದೆ ನ್ಯಾಯಾಲಯದಲ್ಲಿ ಮಿರ್ಜಾಪುರದ ಗತಿ ಕಂಡೀತು. ಅದಕ್ಕೂ ಮೊದಲು, ಅಸಮ ಅಂತರದಲ್ಲಿ ತುಣುಕು ಇಡುವ ಇತರ ಚಿಕ್ಕ ತಯಾರಕರೆಲ್ಲ ಅನ್ಯಾಯವಾಗಿ ಬಾಗಿಲು ಹಾಕಬೇಕಾದೀತು. ಪರೀಕ್ಷಕರು ಕಾಯುವುದು ಅರ್ಜಿದಾರರ ಹಿತವನ್ನಷ್ಟೇ ಅಲ್ಲ, ಅರ್ಜಿ ಹಾಕದ ಸಾವಿರಾರು ಜನರ ಹಿತವನ್ನೂ.

ಆದರೆ ಒಂದು ಷರತ್ತು ಇದೆ, ಮತ್ತು ಅನೇಕ ಅರ್ಜಿಗಳು ಮುಳುಗುವುದು ಇಲ್ಲಿಯೇ. ಆ ಅಂಟಿನ ವಿಷಯ ಮೊದಲು ಸಲ್ಲಿಸಿದ ವಿವರಣೆಯಲ್ಲಿ ಇದ್ದಿರಬೇಕು. ಕ್ಲೇಮನ್ನು ಕಿರಿದುಗೊಳಿಸಬಹುದು, ಸ್ಪಷ್ಟಪಡಿಸಬಹುದು. ಆದರೆ ಆಗ ಹೇಳದ ಹೊಸ ಸಂಗತಿಯನ್ನು ಆಮೇಲೆ ಅರ್ಜಿಯೊಳಗೆ ನುಸುಳಿಸಲು ಕಾನೂನು ಬಿಡುವುದಿಲ್ಲ. ‘ಅದೇನು ದೊಡ್ಡ ವಿಷಯ, ಬರೀ ಅಂಟು’ ಎಂದು ಬರೆಯದೆ ಬಿಟ್ಟಿದ್ದರೆ, ಅವರನ್ನು ಗೆಲ್ಲಿಸಬಹುದಾಗಿದ್ದ ಒಂದೇ ಅಂಶ ಕೈತಪ್ಪಿದಂತೆ.

ನೀವು ನೆನಪಿಡಬೇಕಾದದ್ದು

ನಿಮ್ಮ ಮನೆಯಲ್ಲೋ ಕಾರ್ಖಾನೆಯಲ್ಲೋ ಹೊಸದೇನನ್ನಾದರೂ ಮಾಡುತ್ತಿರುವವರು ಇದ್ದರೆ ಈ ಕೆಲವು ಮಾತು ಅವರಿಗಾಗಿ.

ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ವಸ್ತುಪ್ರದರ್ಶನದಲ್ಲಿ ಇಟ್ಟು, ಪತ್ರಿಕೆಯಲ್ಲಿ ಬರೆಸಿ, ಹತ್ತು ಜನಕ್ಕೆ ಮಾರಿ, ಬಳಿಕ ಪೇಟೆಂಟ್ ಕೇಳಲು ಹೋದರೆ ನಿಮ್ಮ ಆವಿಷ್ಕಾರವೇ ನಿಮಗೆ ಎದುರು ಸಾಕ್ಷಿಯಾಗುತ್ತದೆ. ಅಮೆರಿಕದಲ್ಲಿ ಆವಿಷ್ಕಾರಕ ತಾನೇ ಬಹಿರಂಗಪಡಿಸಿದ ಮೇಲೂ ಒಂದು ವರ್ಷದ ಅವಕಾಶವಿದೆ. ನಮ್ಮಲ್ಲಿ ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ ಮುಂತಾದ ಕೆಲವೇ ಸಂದರ್ಭಗಳಿಗೆ 12 ತಿಂಗಳ ವಿನಾಯಿತಿ ಉಂಟು. ಅದನ್ನು ನಂಬಿ ಕೂರುವುದು ಜಾಣತನವಲ್ಲ.

ಕೆಲಸ ಪೂರ್ತಿ ಮುಗಿಯದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿ ದಿನಾಂಕವನ್ನು ಕಾಯ್ದಿರಿಸಬಹುದು. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬೇಕು. ಒಬ್ಬ ವ್ಯಕ್ತಿ ಕಂಪ್ಯೂಟರ್ ಮೂಲಕ ಸಲ್ಲಿಸುವ ಸಾಧಾರಣ ಗಾತ್ರದ ಅರ್ಜಿಗೆ ಶುಲ್ಕ 1,600 ರೂಪಾಯಿ. ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ. 2021ರ ತಿದ್ದುಪಡಿಯಿಂದ ಶಿಕ್ಷಣ ಸಂಸ್ಥೆಗಳಿಗೂ ಶುಲ್ಕದಲ್ಲಿ ಶೇಕಡಾ 80ರ ರಿಯಾಯಿತಿ ದೊರೆತಿದೆ.

ಅರ್ಜಿ ಹಾಕಿ ಸುಮ್ಮನೆ ಕುಳಿತರೆ ಪರೀಕ್ಷೆ ತಾನಾಗಿ ನಡೆಯುವುದಿಲ್ಲ. ಕೋರಿಕೆಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. 2024ರ ಮಾರ್ಚ್‌ವರೆಗೆ ಇದಕ್ಕೆ 48 ತಿಂಗಳ ಗಡುವಿತ್ತು. ಆ ಬಳಿಕ ಹಾಕಿದ ಅರ್ಜಿಗಳಿಗೆ ಅದು 31 ತಿಂಗಳಿಗೆ ಇಳಿದಿದೆ. ಗಡುವು ದಾಟಿದರೆ ಅರ್ಜಿ ಹಿಂತೆಗೆದುಕೊಂಡಂತೆಯೇ ಲೆಕ್ಕ. ಸಾಮಾನ್ಯವಾಗಿ 18 ತಿಂಗಳ ನಂತರ ಅರ್ಜಿ ಪ್ರಕಟವಾಗುತ್ತದೆ. ಆಗಿನಿಂದ ಪೇಟೆಂಟ್ ಕೊಡುವವರೆಗೆ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಕೊಟ್ಟ ಮೇಲೂ ಒಂದು ವರ್ಷದವರೆಗೆ ಸಂಬಂಧಪಟ್ಟವರಿಗೆ ಆ ಅವಕಾಶವಿದೆ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿ ಹೈಕೋರ್ಟಿಗೆ; ಮೊದಲಿದ್ದ ಪ್ರತ್ಯೇಕ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಯಿತು.

ಪರೀಕ್ಷಕರು ಮಾಡುವ ಹುಡುಕಾಟವನ್ನು ನೀವೂ ಮಾಡಬಹುದು. ಭಾರತದ ಪೇಟೆಂಟ್ ಕಚೇರಿಯ ದಾಖಲೆಗಳೂ, ಯೂರೋಪಿನ ಕಚೇರಿ ನಡೆಸುವ ‘ಎಸ್ಪಾಸೆನೆಟ್’ ಭಂಡಾರವೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೇಲೆ ಹೇಳಿದ ವರ್ಗಸಂಖ್ಯೆಗಳನ್ನು ಹಾಕಿ ಒಂದು ವಾರ ತಾಳ್ಮೆಯಿಂದ ಓದಿದರೆ, ವರ್ಷಗಟ್ಟಲೆ ದುಡಿದ ಮೇಲೆ ತಿಳಿಯಬೇಕಾಗಿದ್ದ ಸತ್ಯ ಮೊದಲೇ ತಿಳಿಯುತ್ತದೆ. ನಿಮ್ಮ ಯೋಚನೆ ಹಳೆಯದೆಂದು ತಿಳಿದರೂ ನಷ್ಟವಿಲ್ಲ. ಅವಧಿ ಮುಗಿದ ಪೇಟೆಂಟಾದರೆ ಅದರಲ್ಲಿರುವುದನ್ನು ಯಾರು ಬೇಕಾದರೂ ಬಳಸಬಹುದು.

ಕೊನೆಗೆ, ಅರ್ಜಿಯ ಮೊದಲ ಪುಟ ಬರೆಯುವ ಮುನ್ನ ಒಂದು ಹಾಳೆಯ ಮೇಲೆ ಒಂದೇ ವಾಕ್ಯ ಬರೆದು ನೋಡಿ: ‘ಈ ಜೋಡಣೆಯಲ್ಲಿ ತುಣುಕುಗಳು ಒಟ್ಟಾಗಿ ಮಾಡುವ, ಒಂಟಿಯಾಗಿ ಮಾಡಲಾಗದ ಕೆಲಸ ಇದು.’ ಆ ವಾಕ್ಯ ಸಲೀಸಾಗಿ ಮುಗಿದರೆ ಅದೇ ನಿಮ್ಮ ಕ್ಲೇಮಿನ ಬೀಜ. ಮುಗಿಯದಿದ್ದರೆ ಪ್ರಯೋಗಶಾಲೆಯಲ್ಲಿ ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ ಎಂದು ತಿಳಿಯಿರಿ.